ಮದರ್ ಅಂದ್ರ ಅವ್ವ

ಶರ್ವರಿಯನ್ನು ಸೊಲ್ಲಾಪುರಕ್ಕೆ ಕರೆದುಕೊಂಡು ಹೋಗುವ ದಿನ ಅಕ್ಕಲಕೋಟದ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಹಿರಿಯ ಸೊಸೆ ದೀಪಾಲಿ ನಸುಕಿನಲ್ಲೇ ಎದ್ದು ಶೇಂಗಾ ಹೋಳಿಗೆ ಮಾಡಿದ್ದಳು. ತುಪ್ಪ ಹಾಕಿದ ಹೋಳಿಗೆಗಳು ತಾಟಿನಲ್ಲಿ ಹಾಗೆಯೇ ಆರುತ್ತಿದ್ದವು. ಕಿರಿಯ ಸೊಸೆ ಪ್ರಾಜಕ್ತಾ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡವಳು ಮತ್ತೆ ಮುರಿಯಲಿಲ್ಲ. ಹೊರಗೆ ಕಟ್ಟೆಯ ಮೇಲೆ ಆರು ವರ್ಷದ ಶರ್ವರಿ ಹೊಸ ಬೂಟು ಹಾಕಿಕೊಂಡು, ತೆಗೆದು, ಮತ್ತೆ ಹಾಕಿಕೊಳ್ಳುತ್ತಿದ್ದಳು.

“ಕೂಸಿಗೆ ಹೇಳೀರೇನು?” ಎಂದು ಮಾವ ಶಿವಶರಣಪ್ಪ ಕೇಳಿದರು.

ದೀಪಾಲಿ ಇನ್ನೊಂದು ಹೋಳಿಗೆಗೆ ತುಪ್ಪ ಹಾಕಿದಳು.

“ಯಾರು ಹಡದಾಕಿ, ಯಾರು ಸಾಕಿದಾಕಿ ಅನ್ನೋದು ಹೇಳೀರೇನು ಅಂತ ಕೇಳಾಕತ್ತೀನಿ.”

ಕಿರಿಯ ಮಗ ಶೈಲೇಶ ತಾಟಿನಿಂದ ತಲೆ ಎತ್ತಲಿಲ್ಲ. “ನಿಧಾನಕ್ಕ ಹೇಳಿದ್ರಾತು ಅಪ್ಪಾ. ಒಮ್ಮೆಲೆ ಹೇಳಿದ್ರ ಅಂಜತಾಳ.”

“ಇಷ್ಟು ವರ್ಷ ನಿಧಾನಾನಽ ಆತಲ್ಲೋ,” ಎಂದರು ಶಿವಶರಣಪ್ಪ.

ಹೆತ್ತವಳು ಪ್ರಾಜಕ್ತಾ. ಹೆರಿಗೆಯಾದ ಮೇಲೆ ನಂಜೇರಿ ಅವಳು ತಿಂಗಳುಗಟ್ಟಲೆ ಸೊಲ್ಲಾಪುರದ ದವಾಖಾನೆಯಲ್ಲಿ ಮಲಗಿದ್ದಳು. ಬಟ್ಟೆಯಲ್ಲಿ ಸುತ್ತಿದ ಕೂಸನ್ನು ಅತ್ತೆ ಪಾರ್ವತಿಬಾಯಿ ಅಕ್ಕಲಕೋಟಕ್ಕೆ ತಂದು, ಮದುವೆಯಾಗಿ ಬಹಳ ಕಾಲವಾದರೂ ಮಕ್ಕಳಾಗದಿದ್ದ ದೀಪಾಲಿಯ ಉಡಿಗೆ ಹಾಕಿದ್ದರು. ಅಷ್ಟರಲ್ಲಿ ಲಾಕ್‌ಡೌನ್ ಬಂತು. ದಾರಿಗಳು ತೆರೆಯುವ ಹೊತ್ತಿಗೆ ಕೂಸು ದೀಪಾಲಿಯ ಸೆರಗು ಬಿಡುತ್ತಿರಲಿಲ್ಲ. ಪ್ರಾಜಕ್ತಾಳಿಗೆ ಇನ್ನೊಂದು ಮಗು ಆಗುವಂತಿಲ್ಲ ಎಂದು ವೈದ್ಯರು ಹೇಳಿದ್ದರು. ಅವಳು ಮಗಳನ್ನು ಕರೆದೊಯ್ಯಲು ಬಂದಾಗಲೆಲ್ಲ ಏನಾದರೊಂದು ಕಾರಣ ಎದುರಾಗುತ್ತಿತ್ತು. ಹಲ್ಲು ಬರುತ್ತಿವೆ, ಜ್ವರ ಬಂದಿದೆ, ಮಾವನವರ ಕಣ್ಣಿನ ಆಪರೇಷನ್ ಇದೆ. ಓಣಿಯ ಮಕ್ಕಳು ಪ್ರಾಜಕ್ತಾಳನ್ನು ಕಾಕೂ, ಅಂದರೆ ಚಿಕ್ಕಮ್ಮ, ಎಂದು ಕರೆಯುವುದನ್ನು ಕೇಳಿ ಶರ್ವರಿಯೂ ಕಾಕೂ ಎಂದಳು. ದೀಪಾಲಿಯನ್ನು ಅವ್ವ ಎಂದಳು. ಯಾರೂ ತಿದ್ದಲಿಲ್ಲ. ಈಗ ಪ್ರಾಜಕ್ತಾ ಸೊಲ್ಲಾಪುರದ ಒಂದು ಇಂಗ್ಲಿಷ್ ಶಾಲೆಯಲ್ಲಿ ಒಂದನೆಯ ತರಗತಿಗೆ ಇಂಗ್ಲಿಷ್ ಕಲಿಸುತ್ತಿದ್ದಳು. ಮಗಳನ್ನು ಅಲ್ಲಿಯೇ ಸೇರಿಸಿದ್ದಳು. ಈ ಸಲ ಯಾವ ಕಾರಣವನ್ನೂ ಕೇಳುವುದಿಲ್ಲ ಎಂದು ಮೊದಲೇ ಹೇಳಿಟ್ಟಿದ್ದಳು.

“ನೀವು ಹೇಳ್ರಿ ಅಕ್ಕಾ,” ಎಂದಳು ಪ್ರಾಜಕ್ತಾ. “ನಿಮ್ಮ ಬಾಯಿಂದ ಬಂದ್ರ ಆಕಿ ನಂಬತಾಳ.”

“ಕಾಕೂನ ಸಾಲ್ಯಾಗ ಕಲ್ಯಾಕ ಹೊಂಟಿ ಅಂತ ಹೇಳೀನಿ,” ದೀಪಾಲಿ ಸೌಟನ್ನು ಪಾತ್ರೆಯಲ್ಲಿಟ್ಟು ಎದ್ದಳು. “ಅದಕ್ಕಿಂತ ಹೆಚ್ಚಿಂದು ನನ್ನ ಬಾಯಿಂದ ಕೇಳಬ್ಯಾಡ.”

ಹಿರಿಯ ಮಗ ಸಿದ್ಧರಾಮ ಉಣ್ಣದೆಯೇ ಕೈತೊಳೆದು, ಮಗುವಿನ ಬಟ್ಟೆಯ ಚೀಲವನ್ನು ತಮ್ಮನ ಗಾಡಿಯಲ್ಲಿಟ್ಟು ಹೊಲಕ್ಕೆ ಹೋಗಿಬಿಟ್ಟ. ಹೊರಡುವಾಗ ಶರ್ವರಿ ಅಳಲಿಲ್ಲ. ಗಾಡಿಯ ಕಿಟಕಿಯಿಂದ ಒಂದೇ ಮಾತು ಕೇಳಿದಳು: “ಅವ್ವಾ, ಸಾಲಿ ಸೂಟಿ ಯಾವಾಗ ಬರ್ತದ?”

*

ಸೊಲ್ಲಾಪುರದ ವಿಜಾಪುರ ರಸ್ತೆಯ ಮೂರನೆಯ ಮಹಡಿಯ ಮನೆಯಲ್ಲಿ ಶರ್ವರಿ ಯಾವ ತ್ರಾಸನ್ನೂ ಕೊಡಲಿಲ್ಲ. ಪ್ರಾಜಕ್ತಾಳಿಗೆ ಅದೇ ಸಹಿಸಲಾಗಲಿಲ್ಲ. ಹಟ ಮಾಡುತ್ತಾಳೆ, ಊಟ ಬಿಡುತ್ತಾಳೆ ಎಂದು ಅವಳು ಸಿದ್ಧಳಾಗಿದ್ದಳು. ಆದರೆ ಹುಡುಗಿ ಹಾಕಿದ್ದನ್ನು ತಿಂದು ತಾಟನ್ನು ಬಚ್ಚಲಿಗೆ ಒಯ್ದಿಡುತ್ತಿದ್ದಳು.

“ಕಾಕೂ, ನೀರು ಕುಡೀಲೇನು?” ಎಂದು ಕೇಳುತ್ತಿದ್ದಳು. “ಕಾಕೂ, ಫ್ಯಾನ್ ಹಚ್ಚಲೇನು?”

“ನಿನ್ನ ಮನಿ ಇದು. ಕೇಳಬಾರ್ದು,” ಎಂದು ಪ್ರಾಜಕ್ತಾ ಅನ್ನುತ್ತಿದ್ದಳು. ಹುಡುಗಿ ತಲೆಯಾಡಿಸಿ, ಮತ್ತೆ ಕೇಳಿಯೇ ನೀರು ಕುಡಿಯುತ್ತಿದ್ದಳು.

ಪ್ರಾಜಕ್ತಾ ಅವಳ ಬಟ್ಟೆಗಳನ್ನು ಕಪಾಟಿನಲ್ಲಿ ಜೋಡಿಸಿಟ್ಟಳು. ಮರುದಿನ ಬೆಳಿಗ್ಗೆ ನೋಡಿದರೆ ಅವೆಲ್ಲ ಮಡಚಿದಂತೆಯೇ ಅಕ್ಕಲಕೋಟದಿಂದ ಬಂದ ಚೀಲಕ್ಕೆ ಮರಳಿದ್ದವು. ಪ್ರಾಜಕ್ತಾ ಮತ್ತೆ ಕಪಾಟಿಗಿಟ್ಟಳು. ಅವು ಮತ್ತೆ ಚೀಲಕ್ಕೆ ಹೋದವು.

ಶೈಲೇಶನಿಗೆ ಚಿಂಚೋಳಿ ಎಂಐಡಿಸಿ ಕೈಗಾರಿಕಾ ವಸಾಹತಿನ ಒಂದು ಕಾರಖಾನೆಯಲ್ಲಿ ಪಾಳಿಯ ಕೆಲಸ. ಒಂದು ದಿನ ಚಹಾ ಕುಡಿಯುತ್ತ ಪ್ರಾಜಕ್ತಾ ಕೇಳಿದಳು: “ಯಾವಾಗ ಹೇಳ್ತೀರಿ?”

“ನೀ ಹೇಳು. ನೀ ಟೀಚರ್ ಇದ್ದಿ.”

“ನಾ ಹೇಳಿದ್ರ ಕಸಕೊಂಡಂಗ ಆಗ್ತದ. ನೀವು ಅಪ್ಪ ಅಲ್ಲೇನು?”

“ನನಗ ಆಕಿ ಕಾಕಾ ಅಂತಾಳ,” ಎಂದ ಶೈಲೇಶ. ಕಪ್ಪನ್ನು ಕೆಳಗಿಟ್ಟು ಬೂಟು ಹಾಕಿಕೊಂಡು ಹೊರಟ.

*

ಜುಲೈ ಮೊದಲ ವಾರದಲ್ಲಿ ತರಗತಿಗೆ ‘ನನ್ನ ಕುಟುಂಬ’ ಎಂಬ ಪಾಠ ಬಂತು. ಈ ಪಾಠವನ್ನು ಪ್ರಾಜಕ್ತಾ ಪ್ರತಿ ವರ್ಷ ಆಟವಾಡಿಸಿಯೇ ಕಲಿಸುತ್ತಿದ್ದಳು. ದೊಡ್ಡ ಹಾಳೆಯಲ್ಲಿ ಮನೆಯ ಚಿತ್ರ ಬರೆದು ಹಲಗೆಗೆ ಅಂಟಿಸುವುದು. ಮನೆಗೆ ಹಲವು ಕಿಟಕಿಗಳು, ಒಂದೊಂದು ಕಿಟಕಿಯ ಕೆಳಗೆ ಒಂದೊಂದು ಶಬ್ದ: ಫಾದರ್, ಮದರ್, ಗ್ರ್ಯಾಂಡ್‌ಮದರ್, ಅಂಕಲ್, ಆಂಟ್. ಮಕ್ಕಳು ವರ್ತುಲವಾಗಿ ಕುಳಿತು ಚೆಂಡನ್ನು ಕೈಯಿಂದ ಕೈಗೆ ಸಾಗಿಸಬೇಕು. ಟೀಚರ್ ಮೇಜು ಬಡಿಯುವುದನ್ನು ನಿಲ್ಲಿಸಿದಾಗ ಚೆಂಡು ಯಾರ ಕೈಯಲ್ಲಿದೆಯೋ ಅವರು ಎದ್ದು, ಮನೆಯಿಂದ ತಂದ ಫೋಟೋಗಳನ್ನು ಸರಿಯಾದ ಕಿಟಕಿಗೆ ಅಂಟಿಸಿ ಒಂದೊಂದು ವಾಕ್ಯ ಹೇಳಬೇಕು.

ಹಿಂದಿನ ದಿನ ಅವಳು ಫೋನಿನಲ್ಲಿದ್ದ ಮನೆಯವರೆಲ್ಲರ ಫೋಟೋಗಳ ಪ್ರತಿ ತೆಗೆಸಿಕೊಂಡು ಬಂದು ಶರ್ವರಿಯ ಕೈಗೆ ಕೊಟ್ಟಿದ್ದಳು. ತನ್ನದನ್ನು ಎಲ್ಲಕ್ಕಿಂತ ಮೇಲಿಟ್ಟಿದ್ದಳು. ಬಾಯಿಬಿಟ್ಟು ಹೇಳಲಾಗದ್ದನ್ನು ಆಟವಾದರೂ ಹೇಳಿಬಿಟ್ಟೀತು ಎಂಬ ಆಸೆ ಅವಳಿಗಿತ್ತು.

ಆಟ ಜೋರಾಗಿ ನಡೆಯಿತು. ಕಾಕಾ, ಮಾಮಾ ಇಬ್ಬರೂ ಅಂಕಲ್ ಆದರೆ ಕರೆದಾಗ ಯಾರು ಬರಬೇಕು ಎಂದು ಒಬ್ಬ ಹುಡುಗ ಮರಾಠಿಯಲ್ಲಿ ಕೇಳಿದ. ತಮ್ಮ ಓಣಿಯ ತರಕಾರಿಯವಳೂ ಆಂಟಿಯೇ, ಅವಳ ಫೋಟೋ ತರಲಿಲ್ಲ ಎಂದು ಒಬ್ಬಳು ಚಿಂತೆಗೆ ಬಿದ್ದಳು. ಪ್ರಾಜಕ್ತಾ ನಗುತ್ತಲೇ ಮೇಜು ಬಡಿದು, ಚೆಂಡು ಶರ್ವರಿಯ ಕೈಗೆ ಬಂದದ್ದನ್ನು ನೋಡಿಯೇ ನಿಲ್ಲಿಸಿದಳು.

ಶರ್ವರಿ ಎದ್ದು ಬಂದು ಮದರ್ ಎಂಬ ಕಿಟಕಿಗೆ ಅಜ್ಜಿ ಪಾರ್ವತಿಬಾಯಿಯ ಫೋಟೋ ಅಂಟಿಸಿದಳು. ಮಕ್ಕಳು ಗೊಳ್ಳೆಂದು ನಕ್ಕರು. ಇಷ್ಟು ಮುದುಕಿ ತಾಯಿ ಎಲ್ಲಿಯಾದರೂ ಇರುತ್ತಾಳೆಯೇ ಎಂದರು. ಶರ್ವರಿಯ ಮುಖ ಸಣ್ಣದಾಯಿತು. ತಪ್ಪು ಅವಳದಾಗಿರಲಿಲ್ಲ. ಮದರ್ ಎಂದರೆ ಆಯಿ ಎಂದು ಪ್ರಾಜಕ್ತಾ ಆಗಷ್ಟೇ ಮರಾಠಿಯಲ್ಲಿ ಹೇಳಿಕೊಟ್ಟಿದ್ದಳು. ಅಕ್ಕಲಕೋಟದ ಮನೆಯ ಕನ್ನಡದಲ್ಲಿ ಆಯಿ ಎಂದರೆ ಅಜ್ಜಿ.

ಪ್ರಾಜಕ್ತಾ ಬಗ್ಗಿ ಅವಳ ಕಿವಿಯಲ್ಲಿ ಹೇಳಿದಳು: “ಮದರ್ ಅಂದ್ರ ಅವ್ವ.”

ಹುಡುಗಿಯ ಮುಖ ಅರಳಿತು. ಅಜ್ಜಿಯ ಫೋಟೋ ಕಿತ್ತು, ಅದೇ ಜಾಗಕ್ಕೆ ದೀಪಾಲಿಯ ಫೋಟೋ ಅಂಟಿಸಿ, ಅಂಗೈಯಿಂದ ಒತ್ತಿದಳು. “ದಿಸ್ ಇಸ್ ಮೈ ಮದರ್,” ಎಂದಳು. ಆಮೇಲೆ ಪ್ರಾಜಕ್ತಾಳ ಫೋಟೋವನ್ನು ಆಂಟ್ ಎಂಬ ಕಿಟಕಿಗೆ ಹಚ್ಚಿದಳು.

“ಟೀಚರ್, ಅದು ನಿಮ್ಮ ಫೋಟೋ,” ಎಂದಳು ಮುಂದೆ ಕುಳಿತ ಒಬ್ಬ ಹುಡುಗಿ. “ನೀವೇ ಇವಳ ತಾಯಿ ಅಂತ ನಮ್ಮಮ್ಮ ಹೇಳಿದಳಲ್ಲ.”

ಪ್ರಾಜಕ್ತಾಳ ಕೈ ಅವಳಿಗಿಂತ ಮೊದಲೇ ಓಡಿತು. ಎರಡೂ ಫೋಟೋಗಳನ್ನು ಕಿತ್ತು ಅದಲುಬದಲು ಮಾಡಿ ಅಂಟಿಸಿ, “ರಾಂಗ್. ಹೀಗೆ,” ಎಂದಳು. ದೀಪಾಲಿಯ ಫೋಟೋದ ಮೂಲೆ ಹರಿಯಿತು. ಶರ್ವರಿ ಹರಿದ ಮೂಲೆಯನ್ನೇ ನೋಡುತ್ತ ನಿಂತು, ತನ್ನ ಜಾಗಕ್ಕೆ ಹೋಗಿ ಕುಳಿತಳು.

*

ಆ ಸಂಜೆ ಪ್ರಾಜಕ್ತಾ ಅಕ್ಕಲಕೋಟಕ್ಕೆ ಫೋನ್ ಮಾಡಿದಳು. ದಿನವೂ ಆ ಹೊತ್ತಿಗೆ ಶರ್ವರಿ ದೀಪಾಲಿಯ ಜೊತೆ ವಿಡಿಯೋದಲ್ಲಿ ಮಾತಾಡುತ್ತಿದ್ದಳು. ಆ ದಿನ ಪ್ರಾಜಕ್ತಾ ಬಾಗಿಲು ಮುಚ್ಚಿಕೊಂಡು ತಾನೇ ಮಾತಾಡಿದಳು.

“ಇಡೀ ಕ್ಲಾಸಿನ ಮುಂದ ನನ್ನ ಮಾನ ಹೋತು ಅಕ್ಕಾ. ಇದನ್ನೆಲ್ಲಾ ಕಲಿಸಿದವ್ರು ನೀವು.”

“ನಾ ಕಲಿಸಲಿಲ್ಲ,” ಎಂದಳು ದೀಪಾಲಿ. “ಆಕಿನಽ ಕಲ್ತಳು.”

“ತಿದ್ದಬಹುದಿತ್ತಲ್ಲ?”

“ಕೂಸು ಮದಲನೇ ಸಲ ಅವ್ವ ಅಂದಾಗ ಯಾರರ ಬಾಯಿ ಮುಚ್ಚತಾರೇನು? ನೀ ಆಗಿದ್ರ ಮುಚ್ಚತಿದ್ದೇನು?”

“ನಾ ಆಕಿ ಖರೇ ಅವ್ವ.”

“ಫೋನ್ ಕೂಸಿನ ಕೈಯಾಗ ಕೊಡು,” ಎಂದಳು ದೀಪಾಲಿ.

“ಇನ್ನ ಸ್ವಲ್ಪ ದಿನ ಫೋನ್ ಬ್ಯಾಡ್ರಿ. ಆಕಿ ಇಲ್ಲಿ ಹೊಂದಿಕೋಬೇಕಂದ್ರ ಫೋನ್ ಬಂದ್ ಆಗಬೇಕು,” ಎಂದು ಪ್ರಾಜಕ್ತಾ ಫೋನ್ ಇಟ್ಟಳು.

ಮರುದಿನದಿಂದ ಆಟ ಮನೆಗೆ ಬಂತು. ಶಾಲೆಯಿಂದ ಬಂದು ಹಾಲು ಕುಡಿದ ಮೇಲೆ ಪ್ರಾಜಕ್ತಾ ಅಡಿಗೆಮನೆಯ ನೆಲದ ಮೇಲೆ ಫೋಟೋಗಳನ್ನು ಸಾಲಾಗಿ ಇಡುತ್ತಿದ್ದಳು. ಹುಡುಗಿ ಕಣ್ಣು ಮುಚ್ಚಬೇಕು, ಟೀಚರ್ ಒಂದನ್ನು ಬಚ್ಚಿಡಬೇಕು, ಯಾರು ಇಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಬೇಕು. ಗ್ರ್ಯಾಂಡ್‌ಫಾದರ್ ಇಲ್ಲ, ಅಂಕಲ್ ಇಲ್ಲ ಎಂದು ಶರ್ವರಿ ಚಟಪಟ ಹೇಳುತ್ತಿದ್ದಳು. ದೀಪಾಲಿಯ ಫೋಟೋ ಬಚ್ಚಿಟ್ಟಾಗ ಮಾತ್ರ ಅವಳ ಬಾಯಿ ಕಟ್ಟುತ್ತಿತ್ತು. ಮದರ್ ಎಂದರೆ ತಪ್ಪಾಗುತ್ತದೆ ಎಂದು ಅವಳಿಗೆ ಗೊತ್ತಾಗಿತ್ತು. ಆಂಟ್ ಎನ್ನಲು ಬಾಯಿ ಬರುತ್ತಿರಲಿಲ್ಲ.

“ಹೇಳು. ಆಂಟ್ ಅನ್ನು. ದೊಡ್ಡವ್ವಗ ಆಂಟ್ ಅಂತಾರ.”

“ದೊಡ್ಡವ್ವ ಯಾರು?”

“ಈಕಿ. ಈ ಫೋಟೋದಾಗಿನಾಕಿ.”

ಶರ್ವರಿ ಉಗುರು ಕಚ್ಚುತ್ತ ಕುಳಿತಳು.

ಪ್ರಾಜಕ್ತಾಳಿಗೆ ತಾಳ್ಮೆ ತಪ್ಪಿತು. “ತಿಂಗಳ ಕಡೀಕ ಸಾಲ್ಯಾಗ ಪಾಲಕರ ಸಭಾ ಅದ. ಎಲ್ಲಾರ ಮುಂದ ಈ ಆಟ ಆಡಬೇಕು. ಆವತ್ತು ಬರೋಬರ್ ಹೇಳಿದ್ರ ಅಕ್ಕಲಕೋಟಕ್ಕ ಕರಕೊಂಡು ಹೋಗ್ತೀನಿ.”

ಹುಡುಗಿ ತಲೆಯೆತ್ತಿದಳು. “ಖರೇನಾ?”

“ಖರೇ.”

ಆಮೇಲೆ ಅವಳು ಒಮ್ಮೆಯೂ ತಪ್ಪು ಹೇಳಲಿಲ್ಲ. ಆದರೆ ದಿನವೂ ಬೆಳಿಗ್ಗೆ ಹಾಸಿಗೆ ಒದ್ದೆಯಾಗಿರತೊಡಗಿತು. ಒಂದು ದಿನ ಪ್ರಾಜಕ್ತಾ ಎದ್ದು ನೋಡಿದಾಗ ಶರ್ವರಿ ಬಚ್ಚಲಲ್ಲಿ ಕುಳಿತು, ಸದ್ದಾಗದಂತೆ ಚಾದರವನ್ನು ನೀರಿನಲ್ಲಿ ಅದ್ದುತ್ತಿದ್ದಳು.

*

ಫೋನ್ ನಿಂತದ್ದಕ್ಕೆ ಪಾರ್ವತಿಬಾಯಿ ಒಂದು ಭಾನುವಾರ ಎಸ್‌ಟಿ ಬಸ್ಸು ಹತ್ತಿ ತಾವೇ ಬಂದರು. ಕೈಯಲ್ಲಿ ಶೇಂಗಾ ಚಟ್ನಿಯ ಡಬ್ಬಿ, ಬಟ್ಟೆಯಲ್ಲಿ ಕಟ್ಟಿದ ರೊಟ್ಟಿ. ಬಾಗಿಲಲ್ಲಿ ಅಜ್ಜಿಯನ್ನು ಕಂಡ ಶರ್ವರಿ ಓಡಿ ಬರಲಿಲ್ಲ. ಪ್ರಾಜಕ್ತಾಳ ಕಡೆಗೆ ತಿರುಗಿ, “ಕಾಕೂ, ಆಯಿ ಹತ್ರ ಹೋಗ್ಲೇನು?” ಎಂದು ಕೇಳಿದಳು.

ಪಾರ್ವತಿಬಾಯಿ ಮೊಮ್ಮಗಳಿಗೆ ಹಾಲಲ್ಲಿ ರೊಟ್ಟಿ ಮುರಿದು ಉಣ್ಣಿಸಿದರು. ಹುಡುಗಿಯನ್ನು ಆಡಲು ನೆರೆಮನೆಗೆ ಬಿಟ್ಟು ಬಂದು, ಅಡಿಗೆಮನೆಯಲ್ಲಿ ಗೋಡೆಗೊರಗಿ ಕುಳಿತರು. ಪ್ರಾಜಕ್ತಾ ಒಲೆಯ ಮುಂದೆ ನಿಂತು ಚಪಾತಿ ಬೇಯಿಸುತ್ತಿದ್ದಳು.

“ಕೂಸು ನನ್ನ ಹತ್ರ ಬರಾಕ ನಿನ್ನ ಅಪ್ಪಣಿ ಕೇಳತಾಳ, ಪ್ರಾಜಕ್ತಾ. ನೆಂಟರ, ಪಾವಣ್ಯಾರ ಮನ್ಯಾಗ ಇದ್ದಂಗ ಇದ್ದಾಳ.”

“ಆಕಿಗೆ ಇದು ಪಾವಣ್ಯಾರ ಮನಿ ಆಗೋ ಹಂಗ ಮಾಡಿದವ್ರು ಯಾರತ್ತಿ?”

“ನಾನಽ ಅನ್ನು. ನಾನಽ ಒಯ್ದಾಕಿ.”

“ಒಯ್ದದ್ದಕ್ಕ ನಾ ಏನೂ ಅನ್ನೂದಿಲ್ಲ. ನನ್ನ ಕೂಸು ಉಳೀತು. ಆದ್ರ ನಾ ದವಾಖಾನ್ಯಾಗ ಬಿದ್ದಾಗ ಆಕಿದೊಂದು ಫೋಟೋನೂ ಕಳಸಲಿಲ್ಲ ನೀವು. ನಾ ದಿನಾ ಕೇಳತಿದ್ದೆ. ನಾಳಿ, ನಾಡದು ಅಂತಿದ್ರಿ.”

ಪಾರ್ವತಿಬಾಯಿ ಸೀರೆಯ ನಿರಿಗೆಯನ್ನು ಸರಿಪಡಿಸಿಕೊಂಡರು. “ನೀ ಸಾಯ್ತಿ ಅಂತ ತಿಳಕೊಂಡಿದ್ವಿ,” ಎಂದರು. “ಸಾಯೋ ಜೀವಕ್ಕ ಕೂಸಿನ ಆಸೆ ಯಾಕ ಹಚ್ಚಬೇಕು ಅಂದ್ರು ನಿಮ್ಮ ಮಾವ. ನಾನೂ ಹೂಂ ಅಂದೆ.”

ಹಂಚಿನ ಮೇಲಿನ ಚಪಾತಿ ಕರಕಾಗುವವರೆಗೂ ಪ್ರಾಜಕ್ತಾ ನಿಂತೇ ಇದ್ದಳು. ಅನಂತರ ಒಲೆ ಆರಿಸಿದಳು.

“ನಾ ಸಾಯಲಿಲ್ಲತ್ತಿ.”

“ಹೂಂ. ಅದಕ್ಕ ನಮಗ ಬಾಯಿ ಇಲ್ಲದಂಗ ಆಗ್ಯದ. ಆದ್ರ ನಮ್ಮ ಮ್ಯಾಲಿನ ಸಿಟ್ಟು ಆ ಕೂಸಿನ ಮ್ಯಾಲ ತೀರಿಸಬ್ಯಾಡ. ಹಾಸಿಗ್ಯಾಗ ಉಚ್ಚಿ ಹೊಯ್ಕೊಳ್ಳಾಕತ್ತಾಳ ಅಂತ ನೆರಿಮನಿಯಾಕಿ ಹೇಳಿದ್ಲು. ದಿನಾ ಚಾದರ ಒಣಹಾಕೋದು ಆಕಿಗೆ ಕಾಣಸ್ತದ.”

“ನನ್ನ ಮಗಳನ್ನ ಹ್ಯಾಂಗ ನೋಡಕೋಬೇಕು ಅಂತ ಊರವ್ರು ಹೇಳಬೇಕೇನು?” ಪ್ರಾಜಕ್ತಾಳ ದನಿ ಏರಿತು.

ಪಾರ್ವತಿಬಾಯಿ ಊಟಕ್ಕೆ ನಿಲ್ಲಲಿಲ್ಲ. ಶೈಲೇಶ ಬಸ್ ನಿಲ್ದಾಣದವರೆಗೆ ಬಿಡಲು ಹೋದ. ಮರಳಿ ಬಂದವನು, “ಪಾಲಕರ ಸಭಾಕ್ಕ ಅಣ್ಣಾಗ, ವೈನಿಗ ಬರ್ರಿ ಅಂತ ಹೇಳೀನಿ,” ಎಂದ.

“ನನ್ನ ಒಂದು ಮಾತು ಕೇಳಬಾರದೇನು?”

“ಕೇಳಿದ್ರ ನೀ ಬ್ಯಾಡ ಅಂತಿದ್ದಿ,” ಎಂದ ಶೈಲೇಶ. ಈ ಮನೆಯಲ್ಲಿ ಅವನು ತಾನಾಗಿ ಏನನ್ನಾದರೂ ಮಾಡಿದ್ದು ಅಪರೂಪ.

*

ಸಭೆಯ ದಿನ ಶಾಲೆಯ ದೊಡ್ಡ ಕೋಣೆಯಲ್ಲಿ ಕುರ್ಚಿಗಳನ್ನು ಹಾಕಿದ್ದರು. ಮುಖ್ಯಾಧ್ಯಾಪಕಿ ದ್ವಾರಕಾಬಾಯಿ ಮುಂದಿನ ಸಾಲಿನಲ್ಲಿದ್ದರು. ದೀಪಾಲಿ, ಸಿದ್ಧರಾಮ ಹಿಂದಿನ ಸಾಲಿನಲ್ಲಿ ಬಾಗಿಲ ಬಳಿ ಕುಳಿತರು. ಶೈಲೇಶ ಅವರ ಪಕ್ಕದಲ್ಲಿದ್ದ. ಕಾಗದದ ಮನೆ ಹಲಗೆಯ ಮೇಲಿತ್ತು. ಚೆಂಡು ಸಾಗುತ್ತಿತ್ತು. ಒಬ್ಬ ಹುಡುಗ ಸೋದರತ್ತೆಯನ್ನು ಅಂಕಲ್ ಎಂದು ಎಲ್ಲರನ್ನೂ ನಗಿಸಿದ.

ಶರ್ವರಿಯ ಸರದಿ ಬಂತು. ಅವಳು ನೆಟ್ಟಗೆ ನಡೆದು ಬಂದಳು. ಹಿಂದಿನ ಸಾಲಿನ ಕಡೆಗೆ ಒಮ್ಮೆಯೂ ನೋಡಲಿಲ್ಲ. ಫಾದರ್ ಎಂದು ಶೈಲೇಶನ ಫೋಟೋ. ಮದರ್ ಎಂದು ಪ್ರಾಜಕ್ತಾಳ ಫೋಟೋ. ಅಂಕಲ್ ಎಂದು ಸಿದ್ಧರಾಮ. ಕೊನೆಗೆ, ಮೂಲೆ ಹರಿದಿದ್ದ ಫೋಟೋವನ್ನು ಅಂಟಿಸಿ, ಪಾಠ ಒಪ್ಪಿಸುವ ದನಿಯಲ್ಲಿ ಹೇಳಿದಳು: “ದಿಸ್ ಇಸ್ ಮೈ ಆಂಟ್.”

ಎಲ್ಲರೂ ಚಪ್ಪಾಳೆ ತಟ್ಟಿದರು. ಎಷ್ಟು ಸ್ಪಷ್ಟವಾಗಿ ಹೇಳಿದಳು ಎಂದು ದ್ವಾರಕಾಬಾಯಿ ತಿರುಗಿ ಪ್ರಾಜಕ್ತಾಳನ್ನು ಹೊಗಳಿದರು. ದೀಪಾಲಿಯೂ ಚಪ್ಪಾಳೆ ತಟ್ಟುತ್ತಿದ್ದುದನ್ನು ಪ್ರಾಜಕ್ತಾ ನೋಡಿದಳು. ಸಿದ್ಧರಾಮ ಎದ್ದು ಹೊರಗೆ ಹೋದ.

ಸಭೆ ಮುಗಿದ ಕೂಡಲೇ ಶರ್ವರಿ ಓಡಿ ಬಂದು ಪ್ರಾಜಕ್ತಾಳ ಕೈ ಹಿಡಿದಳು. ಇಷ್ಟು ದಿನಗಳಲ್ಲಿ ತಾನಾಗಿ ಹಿಡಿದದ್ದು ಇದೇ ಮೊದಲು. ಆ ಪುಟ್ಟ ಕೈ ಬೆವರಿನಿಂದ ತಣ್ಣಗಾಗಿತ್ತು.

“ಬರೋಬರ್ ಹೇಳಿದ್ನಲ್ಲ ಕಾಕೂ? ಈಗ ನಮ್ಮ ಮನಿಗೆ ಬಿಡ್ತೀಯೇನು? ಅವ್ವ ಬಂದಾಳ.” ಅವಳು ದನಿ ತಗ್ಗಿಸಿದಳು. “ಅವ್ವಗ ಸಿಟ್ಟು ಬಂದಿರಬೇಕು. ಆಟಕ್ಕ ಹಂಗ ಅಂದಾಳ ಅಂತ ನೀ ಹೇಳು.”

ಸುತ್ತಲೂ ತಾಯಂದಿರು ಮಕ್ಕಳ ಚೀಲಗಳನ್ನು ಎತ್ತಿಕೊಳ್ಳುತ್ತಿದ್ದರು. ದ್ವಾರಕಾಬಾಯಿ ಇನ್ನೂ ಅಲ್ಲಿಯೇ ನಿಂತಿದ್ದರು. ಪ್ರಾಜಕ್ತಾ ಯಾರ ಕಡೆಗೂ ನೋಡಲಿಲ್ಲ. ಮಗಳ ಕೈ ಹಿಡಿದುಕೊಂಡೇ ಬಾಗಿಲವರೆಗೆ ನಡೆದು ದೀಪಾಲಿಯ ಮುಂದೆ ನಿಂತಳು.

“ಆಟಕ್ಕ ಹಂಗ ಅಂದಾಳ್ರಿ ಅಕ್ಕಾ,” ಎಂದಳು.

ದೀಪಾಲಿ ಕೆಳಗೆ ಕುಳಿತಳು. ಶರ್ವರಿ ಅವಳ ಕೊರಳಿಗೆ ಬಿದ್ದಳು. ಜೂನ್ ತಿಂಗಳಿಂದ ಅಳದವಳು ಆಗ ಅತ್ತಳು.

*

ಅಂದೇ ಎಲ್ಲರೂ ಸಿದ್ಧರಾಮನ ಗಾಡಿಯಲ್ಲಿ ಅಕ್ಕಲಕೋಟಕ್ಕೆ ಹೋದರು. ಮನೆಯಲ್ಲಿ ಪಾರ್ವತಿಬಾಯಿ ಝುಣಕ, ರೊಟ್ಟಿ ಮಾಡಿಟ್ಟಿದ್ದರು. ಶರ್ವರಿ ಚಪ್ಪಲಿ ಒಂದು ಕಡೆ, ಚೀಲ ಒಂದು ಕಡೆ ಎಸೆದು, ಯಾರನ್ನೂ ಕೇಳದೆ ಕೊಡದಿಂದ ನೀರು ಮೊಗೆದು ಕುಡಿದಳು. ಅರ್ಧ ನೀರನ್ನು ಮೈಮೇಲೆ ಚೆಲ್ಲಿಕೊಂಡಳು. ಪ್ರಾಜಕ್ತಾ ಹೊಸ್ತಿಲಲ್ಲಿ ನಿಂತು ಅದನ್ನು ನೋಡಿದಳು.

ಊಟಕ್ಕೆ ಕುಳಿತಾಗ ಅವಳೇ ಮಾತು ತೆಗೆದಳು. “ಇಲ್ಲೇ ಇರಲಿ ಬಿಡ್ರಿ. ನಾ ಸೋತೆ.”

“ಸೋಲಾಕ ಇದೇನು ಕುಸ್ತಿಯೇನು?” ಎಂದಳು ದೀಪಾಲಿ. “ಇವತ್ತ ಇಲ್ಲಿ ಬಿಟ್ಟು ಹೋಗ್ತಿ. ನಾಲ್ಕು ದಿನದ ಮ್ಯಾಲ ಹೊಟ್ಟಿ ಉರದು ಮತ್ತ ಬರ್ತಿ. ಕೂಸು ಎಷ್ಟು ಸಲ ಚೀಲ ಕಟ್ಟಬೇಕು?”

“ಮತ್ತ ಏನು ಮಾಡ್ಲಿ? ನೀವಽ ಹೇಳ್ರಿ.”

ದೀಪಾಲಿ ಉಂಡಾದ ಮೇಲೆ ಎಣ್ಣೆಯ ಬಟ್ಟಲು, ಬಾಚಣಿಗೆ ತಂದು ಪಡಸಾಲೆಯಲ್ಲಿ ಶರ್ವರಿಯನ್ನು ಮುಂದೆ ಕೂರಿಸಿಕೊಂಡಳು. ಪ್ರಾಜಕ್ತಾ ಅಡಿಗೆಮನೆಯಲ್ಲಿ ತಾಟು ತೊಳೆಯುತ್ತಿದ್ದಳು. ನಡುವಿನ ಬಾಗಿಲು ತೆರೆದಿತ್ತು.

“ಶರೂ, ಒಂದು ಮಾತು ಹೇಳ್ತೀನಿ. ನೀ ಹುಟ್ಟಿದ್ದು ಕಾಕೂನ ಹೊಟ್ಟ್ಯಾಗ.”

“ನಿನ್ನ ಹೊಟ್ಟ್ಯಾಗ ಅಲ್ಲೇನು?”

“ಅಲ್ಲ. ಆಕಿಗೆ ಭಾಳ ಜಡ್ಡಾಗಿತ್ತು. ಅದಕ್ಕ ಆಯಿ ನಿನ್ನ ತಂದು ನನ್ನ ಕಡೆ ಕೊಟ್ಲು.”

ಹುಡುಗಿ ಯೋಚಿಸಿದಳು. “ಆರಾಮ ಆದಮ್ಯಾಲ ಆಕಿ ನನ್ನ ಯಾಕ ವಾಪಸ್ ಕೇಳಲಿಲ್ಲ?”

ಒಳಗೆ ನೀರಿನ ಸದ್ದು ನಿಂತಿತು.

“ಕೇಳಿದ್ಲು,” ಎಂದಳು ದೀಪಾಲಿ. “ಭಾಳ ಸಲ ಕೇಳಿದ್ಲು. ನಾನಽ ಕೊಡಲಿಲ್ಲ. ಕೂಸಿಗೆ ಜ್ವರ ಬಂದಾವ ಅಂತ ಸುಳ್ಳೂ ಹೇಳೀನಿ.”

“ಮತ್ತ ಈಗ ಯಾಕ ಕೊಟ್ಟಿ?”

ದೀಪಾಲಿಯ ಕೈಯಲ್ಲಿ ಬಾಚಣಿಗೆ ನಿಂತಿತು. ಪ್ರಾಜಕ್ತಾ ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದಳು. ಜ್ವರ ಸುಳ್ಳಿರಬಹುದು ಎಂದು ಅವಳಿಗೆ ಎಷ್ಟೋ ಸಲ ಅನ್ನಿಸಿತ್ತು. ಇಷ್ಟು ದಿನ ಆ ಸಂಶಯವನ್ನು ಹಿಡಿದುಕೊಂಡೇ ಸಿಟ್ಟಾಗುತ್ತಿದ್ದಳು. ಈಗ ಅದನ್ನು ಬಾಯಿಬಿಟ್ಟು ಮಗಳ ಮುಂದೆ ಹೇಳಿದ ಹೆಂಗಸಿನ ಮೇಲೆ ಸಿಟ್ಟಾಗಲು ಆಗಲಿಲ್ಲ.

“ಅವ್ವ ಕೊಟ್ಟಿಲ್ಲ, ಶರೂ,” ಎಂದಳು. “ನಾ ಎತ್ತಿಕೊಂಡು ಹೋದೆ. ನಿನ್ನ ಕೇಳಲಾರದ.”

ಶರ್ವರಿ ಇಬ್ಬರನ್ನೂ ನೋಡಿದಳು. ಆಮೇಲೆ ತಲೆ ಮುಂದೆ ಮಾಡಿ, “ಅವ್ವಾ, ಹೆರಳು ಹಾಕು. ಬಿಗಿ ಹಾಕಬ್ಯಾಡ,” ಎಂದಳು.

ಪ್ರಾಜಕ್ತಾ ಅಲ್ಲಿಯೇ ನೆಲದ ಮೇಲೆ ಕುಳಿತಳು. “ಅಕ್ಕಾ, ನೀವೂ ಸೊಲ್ಲಾಪುರಕ್ಕ ಬರ್ರಿ.”

ಕಟ್ಟೆಯ ಮೇಲಿದ್ದ ಶಿವಶರಣಪ್ಪನವರಿಗೆ ಅದು ಕೇಳಿಸಿತು. “ಹಿರೀ ಸೊಸಿ ಮನಿ ಬಿಟ್ಟು ಹೋದ್ರ ಇಲ್ಲಿ ಅಡಗಿ ಯಾರು ಮಾಡಬೇಕು? ಎಮ್ಮಿ ಯಾರು ಹಿಂಡಬೇಕು? ಊರು ಏನಂತದ?”

“ಎಮ್ಮಿ ನಾ ಹಿಂಡತೀನಿ,” ಎಂದ ಸಿದ್ಧರಾಮ. ಬೆಳಿಗ್ಗೆಯಿಂದ ಅವನು ಆಡಿದ ಮೊದಲ ಮಾತು ಅದು.

“ಅಡಗಿಗೆ ನಾ ಇನ್ನೂ ಸತ್ತಿಲ್ಲ,” ಎಂದರು ಪಾರ್ವತಿಬಾಯಿ ಗಂಡನ ಕಡೆಗೆ ತಿರುಗಿ. “ಒಮ್ಮೆ ನಿಮ್ಮ ಮಾತು ಕೇಳಿ ಈ ಗೋಳು ತಂದೀನಿ. ಇನ್ನ ಸುಮ್ಮಕಿರ್ರಿ.”

ಶಿವಶರಣಪ್ಪ ಎದ್ದು ಟೋಪಿ ಹಾಕಿಕೊಂಡು ಹೊರಗೆ ನಡೆದರು.

ದೀಪಾಲಿ ಹೆರಳಿನ ತುದಿಗೆ ರಿಬ್ಬನ್ ಕಟ್ಟುತ್ತ ಪ್ರಾಜಕ್ತಾಳಿಗೆ ಹೇಳಿದಳು: “ಬಂದ್ರ ನಾ ಪಾವಣ್ಯಾರ ಹಂಗ ಕೂಡೂದಿಲ್ಲ. ಅಡಗಿ ನಂದು. ಕೂಸಿನ ಅಭ್ಯಾಸ ನಿಂದು. ನಾ ಬೈದ್ರ ನೀ ನಡುವ ಬರಬಾರ್ದು, ನೀ ಬೈದ್ರ ನಾ ಬರೂದಿಲ್ಲ.”

ತನ್ನ ಅಡಿಗೆಮನೆಯನ್ನು ಬಿಟ್ಟುಕೊಡುವುದು ಪ್ರಾಜಕ್ತಾಳಿಗೆ ಸುಲಭವಾಗಿರಲಿಲ್ಲ. ಮದುವೆಯಾದ ಮೇಲೆ ಅವಳದೇ ಎಂದು ಆದ ಜಾಗ ಅದೊಂದೇ. ಅವಳು ಒದ್ದೆ ಕೈ ಒರೆಸಿಕೊಂಡಳು.

“ಎಲ್ಲಿ ತನಕ ಇರ್ತೀರಿ?”

“ಗೊತ್ತಿಲ್ಲ. ದೀಪಾವಳಿಗೆ ಇಬ್ರೂ ಕೂತು ಮಾತಾಡೂಣು.”

“ಹೂಂ,” ಎಂದಳು ಪ್ರಾಜಕ್ತಾ.

*

ಸೋಮವಾರ ಬೆಳಿಗ್ಗೆ ವಿಜಾಪುರ ರಸ್ತೆಯ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಸದ್ದಿಗೆ ಕೆಳಗಿನ ಮನೆಯವರು ಏಳುತ್ತಾರೆ, ಇಷ್ಟು ನಸುಕಿನಲ್ಲಿ ಬಡಿಯಬಾರದು ಎಂದು ಪ್ರಾಜಕ್ತಾ ಹೇಳಬೇಕೆಂದುಕೊಂಡು ಹೇಳಲಿಲ್ಲ. ಉಪ್ಪಿನ ಡಬ್ಬಿ, ಸಕ್ಕರೆ ಡಬ್ಬಿಗಳ ಜಾಗ ಬದಲಾಗಿತ್ತು. ಚಹಾಕ್ಕೆ ಸಕ್ಕರೆ ಹುಡುಕುವಾಗ ಅವಳಿಗೆ ಸಿಟ್ಟು ಬಂತು. ದೀಪಾಲಿ ತಲೆಯೆತ್ತದೆ ಗೋಡೆಯ ಹಲಗೆಯತ್ತ ಕೈ ತೋರಿ, “ಮ್ಯಾಲಿನ ಫಳಿ,” ಎಂದಳು.

ಶಾಲೆಗೆ ಹೊತ್ತಾಗುತ್ತಿತ್ತು. ಪ್ರಾಜಕ್ತಾ ಕೋಣೆಗೆ ಹೋಗಿ ಹಾಸಿಗೆಯ ಮೇಲೆ ಕೈಯಾಡಿಸಿದಳು. ಒಣಗಿತ್ತು. ಶರ್ವರಿಯ ಭುಜ ಅಲುಗಾಡಿಸಿದಳು. ಹುಡುಗಿ ಕಣ್ಣು ತೆರೆದು, ಅವಳ ಮುಖ ನೋಡಿ, ಪಕ್ಕದ ಖಾಲಿ ಜಾಗ ನೋಡಿ ಥಟ್ಟನೆ ಎದ್ದು ಕುಳಿತಳು.

“ಅವ್ವ ಎಲ್ಲಿ?”

“ಅವ್ವ ಅಡಗಿಮನ್ಯಾಗ ಅದಾಳ,” ಎಂದಳು ಪ್ರಾಜಕ್ತಾ. “ಏಳು, ಮಾರಿ ತೊಳಕೋ.”

ಶರ್ವರಿ ಓಡಿದಳು. ಪ್ರಾಜಕ್ತಾ ಹೊದಿಕೆಯ ಎರಡು ತುದಿ ಹಿಡಿದು, ಝಾಡಿಸಿ, ಮಡಚತೊಡಗಿದಳು.